ಸುದರ್ಶನ್ ಅವರ ಗಣಿ ಮುಚ್ಚಿದ್ದು

ಜೀವನ್ ಬಿಮಾ ನಗರದ ಸುದರ್ಶನ್ ಅವರಿಗೆ ಯಾವುದನ್ನೂ ಅವಸರದಲ್ಲಿ ಮಾಡಿ ಗೊತ್ತಿರಲಿಲ್ಲ. ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವರದು ತಪಾಸಣೆಯ ಕೆಲಸವಾಗಿತ್ತು. ಮುಟ್ಟಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಸಹಿ. ತರಕಾರಿ ಅಂಗಡಿಯಲ್ಲೂ ಅದೇ ಚಾಳಿ. ಹುರುಳಿಕಾಯಿಯನ್ನು ಒಂದೊಂದಾಗಿ ಮುರಿದು ನೋಡುತ್ತ ನಿಂತರೆ ಹೆಂಡತಿ ಶಾಂತಕುಮಾರಿ, "ರೀ, ಅದನ್ನ ವಿಮಾನಕ್ಕೆ ಹಾಕಲ್ಲ, ಪಲ್ಯಕ್ಕೆ ಹಾಕೋದು" ಎಂದು ಎಳೆದುಕೊಂಡು ಬರುತ್ತಿದ್ದರು.

ನಿವೃತ್ತರಾದ ಮೇಲೆ ಮಂಡಿ ಆಪರೇಷನ್ ಆಗಿ ಮನೆಯಲ್ಲೇ ಕೂರಬೇಕಾಯಿತು. ಕೆ.ಆರ್. ಪುರದಲ್ಲಿದ್ದ ಮಗಳು ಇಂಚರಾ ಒಂದು ಟ್ಯಾಬ್ ತಂದು, ಅದರಲ್ಲಿ ಗಣಿಯ ಆಟವೊಂದನ್ನು ಹಾಕಿಕೊಟ್ಟಳು. ಪರದೆಯ ತುಂಬ ಬಣ್ಣಬಣ್ಣದ ಅದಿರು ಕಲ್ಲುಗಳು. ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡಬೇಕು. ಒಂದೇ ಬಣ್ಣದ ಮೂರು ಸಾಲಾಗಿ ಕೂಡಿದರೆ ಅವು ಕಳಚಿ ಕೆಳಗಿನ ಗಾಡಿಗೆ ಬೀಳುತ್ತವೆ. ಕೊಟ್ಟಷ್ಟೇ ನಡೆಗಳಲ್ಲಿ ಗಾಡಿ ತುಂಬಿದರೆ ಗಣಿ ಇನ್ನೊಂದು ಅಂತಸ್ತು ಕೆಳಗಿಳಿಯುತ್ತದೆ. ಎಲ್ಲೆಲ್ಲಿಯವರೋ ತಂಡ ಕಟ್ಟಿಕೊಂಡು ಒಂದೇ ಗಣಿಯನ್ನು ತೋಡುತ್ತಾರೆ. ಆಡುತ್ತಲೇ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರೆ.

ಮಕ್ಕಳಾಟ ಎಂದು ಮೂಗು ಮುರಿದವರು ವರ್ಷ ತುಂಬುವ ಹೊತ್ತಿಗೆ ಒಂದು ತಂಡದ ಮುಖ್ಯಸ್ಥರಾಗಿದ್ದರು. ಮಂಡಿ ನೆಟ್ಟಗಾಯಿತು, ಆಟ ಬಿಡಲಿಲ್ಲ. ಒಂದು ನಡೆಗೆ ಕಾಫಿ ಆರುವಷ್ಟು ಹೊತ್ತು ಯೋಚಿಸುತ್ತಿದ್ದರು. ತಂಡದಲ್ಲಿ ಅವರಿಗೆ ಹತ್ತಿರದವನೆಂದರೆ ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಆಸಿಮ್. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವನೂ ಆಡುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ರಂಜಾನಿಗೆ ಇವರು ಫೋನ್ ಮಾಡುತ್ತಿದ್ದರು, ಯುಗಾದಿಗೆ ಅವನು. ಅವನು ಅವಸರಪಟ್ಟು ನಡೆ ಕೆಡಿಸಿಕೊಂಡಾಗಲೆಲ್ಲ ಸುದರ್ಶನ್, "ಮೊದ್ಲು ನೋಡಪ್ಪ, ಆಮೇಲೆ ಮುಟ್ಟು" ಎಂದು ಬರೆಯುತ್ತಿದ್ದರು.

ಒಂದು ಬೆಳಿಗ್ಗೆ ಹಾಲು ತರಲು ಹೋದ ಸುದರ್ಶನ್ ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೊರಟ ಶಾಂತಕುಮಾರಿಗೆ ಅವರು ಸಿಕ್ಕಿದ್ದು ದೊಮ್ಮಲೂರು ಮೇಲ್ಸೇತುವೆಯ ಕೆಳಗೆ. ಹಾಲಿನ ಪ್ಯಾಕೆಟ್ ಎದೆಗೆ ಒತ್ತಿಕೊಂಡು, ಯಾವ ಕಡೆ ದಾಟಬೇಕೆಂದು ತಿಳಿಯದೆ ನಿಂತಿದ್ದರು. ಪರೀಕ್ಷೆಗಳಾದವು. ಮರೆವಿನ ಕಾಯಿಲೆ, ಹೆಚ್ಚುತ್ತ ಹೋಗುತ್ತದೆ ಎಂದರು ಡಾಕ್ಟರು. ಆಟೋದಲ್ಲಿ ಹಿಂತಿರುಗುವಾಗ ಸುದರ್ಶನ್ ಹೆಂಡತಿಯ ಕೈ ಹಿಡಿದುಕೊಂಡರು.

"ಯಾರಿಗೂ ಹೇಳ್ಬೇಡ ಶಾಂತಾ. ಪಾಪ ಅನ್ನೋ ಥರ ನೋಡ್ತಾರೆ. ನಂಗದು ಬೇಡ."

"ಹೇಳಲ್ಲ ರೀ," ಎಂದರು ಆಕೆ. ಮಗಳಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ. ಫೋನನ್ನು ಸುದರ್ಶನ್ ಸಿಕ್ಕಸಿಕ್ಕಲ್ಲಿ ಇಟ್ಟು ಮರೆಯತೊಡಗಿದಾಗ ಆಕೆ ಅದನ್ನು ಆಫ್ ಮಾಡಿ ಬೀರುವಿನಲ್ಲಿಟ್ಟರು.

ಆಟ ಮಾತ್ರ ಕೆಲಕಾಲ ಕೈಬಿಡಲಿಲ್ಲ. ಆಮೇಲೆ ಅದೂ ಜಾರತೊಡಗಿತು. ಕಣ್ಣೆದುರಿಗೇ ಇದ್ದ ಮೂರು ಕೆಂಪು ಕಲ್ಲು ಅವರಿಗೆ ಕಾಣುತ್ತಿರಲಿಲ್ಲ. ಒಂದು ಸಲ ಟ್ಯಾಬನ್ನು ಮಂಚದ ಮೇಲೆ ಎಸೆದು, ಗೋಡೆಗೆ ಮುಖ ಮಾಡಿ ಅತ್ತರು. ಮದುವೆಯಾದಂದಿನಿಂದ ಅವರ ಕಣ್ಣಲ್ಲಿ ನೀರು ಕಾಣದಿದ್ದ ಶಾಂತಕುಮಾರಿ ಮಗಳಿಗೆ ಫೋನ್ ಮಾಡಿದರು.

ಉಪಾಯ ಹೇಳಿದವಳು ಇಂಚರಾ. ಈ ಆಟಕ್ಕೇ ಅಂತ ಒಂದು ಟೂಲ್ ಇದೆಯಮ್ಮ, ಪರದೆಯ ಫೋಟೊ ತೆಗೆದು ಹಾಕಿದರೆ ಯಾವ ಕಲ್ಲನ್ನು ಎಲ್ಲಿಗೆ ಸರಿಸಬೇಕೆಂದು ತೋರಿಸಿಬಿಡುತ್ತದೆ ಎಂದಳು. ಶಾಂತಕುಮಾರಿ ಗಂಡನ ಪಕ್ಕದಲ್ಲಿ ಕೂತು, ತಮ್ಮ ಫೋನಿನಲ್ಲಿ ಫೋಟೊ ತೆಗೆದು, ಉತ್ತರ ನೋಡಿಕೊಂಡು, "ರೀ, ಆ ಮೂಲೇಲಿರೋ ನೀಲಿ ಕಲ್ಲು ನೋಡ್ದ್ರಾ?" ಎನ್ನುತ್ತಿದ್ದರು. "ನೋಡ್ದೆ, ನೋಡ್ದೆ, ಅದನ್ನೇ ಯೋಚ್ನೆ ಮಾಡ್ತಿದ್ದೆ" ಎಂದು ಸುದರ್ಶನ್ ಸರಿಸುತ್ತಿದ್ದರು. ಕಲ್ಲುಗಳು ಕಳಚಿ ಬೀಳುವ ಸದ್ದಿಗೆ ಅವರ ಮುಖ ಅರಳುತ್ತಿತ್ತು.

ಬರಬರುತ್ತ ತೋರಿಸಿದರೂ ಅವರಿಗೆ ತಿಳಿಯದಾಯಿತು. ಆಗ ಅವರು ಮಧ್ಯಾಹ್ನ ಮಲಗಿದಾಗ ಶಾಂತಕುಮಾರಿಯೇ ಟೂಲ್ ಹೇಳಿದಂತೆ ಪಟಪಟನೆ ಕಲ್ಲು ಸರಿಸಿ ಗಾಡಿ ತುಂಬಿಸಿಡತೊಡಗಿದರು. ಎದ್ದು ನೋಡಿದ ಗಂಡ, "ಬೆಳಿಗ್ಗೇನೇ ಮುಗಿಸ್ಬಿಟ್ಟಿದೀನಿ ನೋಡು" ಎಂದು ಬೀಗುತ್ತಿದ್ದರು. ಪರದೆಯ ಮೂಲೆಯಲ್ಲಿ ಆಸಿಮ್‌ನ ಸಂದೇಶಗಳು ಬರುತ್ತಿದ್ದವು: ಸರ್ ಹೇಗಿದೀರಿ? ಫೋನ್ ಯಾಕೆ ಆಫ್? ಏನು ಬರೆದರೂ ಗುಟ್ಟು ಬಯಲಾದೀತೆಂದು ಆಕೆ ಉತ್ತರಿಸಲಿಲ್ಲ.

ಒಂದು ಬೆಳಿಗ್ಗೆ ಟ್ಯಾಬ್ ತೆರೆದರೆ ಗಣಿ ಇರಲಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬರಹ. ಸುದರ್ಶನ್‌ಗೆ ಓದು ಇನ್ನೂ ಮರೆತಿರಲಿಲ್ಲ.

"ಹೊರಗಿನ ಟೂಲ್ ಬಳಸಿ ಮೋಸ ಮಾಡಿದೀನಂತೆ, ಅಕೌಂಟ್ ಮುಚ್ಚಿದಾರೆ," ಎಂದು ತಲೆಯೆತ್ತಿದರು. "ನಾನು ಮಾಡಿದ್ನಾ ಶಾಂತಾ?"

"ಇಲ್ಲ ರೀ. ನಾನು ಮಾಡಿದ್ದು. ನಿಮಗೋಸ್ಕರ." ಆಕೆ ಎಲ್ಲವನ್ನೂ ಹೇಳಿದರು. ಸುದರ್ಶನ್ ಟ್ಯಾಬನ್ನು ಮಗುಚಿಟ್ಟು, "ನನ್ನ ಕೇಳ್ಬೇಕಾಗಿತ್ತು ನೀನು" ಎಂದರು.

ಮರುದಿನ ಅವರಿಗೆ ಆಕೆ ಹೇಳಿದ್ದು ಮರೆತುಹೋಗಿತ್ತು. ಮೋಸ ಎಂಬ ಪದ ಮಾತ್ರ ಉಳಿದಿತ್ತು. "ನಾನೇನೋ ಮೋಸ ಮಾಡಿದೀನಂತೆ. ಏನು ಅಂತ ನೆನಪಿಗೆ ಬರ್ತಿಲ್ಲ" ಎಂದು ಕೈ ಹಿಸುಕಿಕೊಳ್ಳುತ್ತ ಕೂತರು. ಶಾಂತಕುಮಾರಿ ಮತ್ತೆ ಮೊದಲಿಂದ ಹೇಳಿದರು. ಅದರ ಮರುದಿನವೂ ಹೇಳಿದರು. ದಿನಾ ಹೇಳಬೇಕಾಯಿತು. ಒಂದು ದಿನ ಸುದರ್ಶನ್ ನಕ್ಕುಬಿಡುತ್ತಿದ್ದರು, ಒಂದು ದಿನ ಊಟ ಬಿಡುತ್ತಿದ್ದರು, ಇನ್ನೊಂದು ದಿನ, "ನನ್ನ ಕಾಪಾಡೋಕೆ ಸುಳ್ಳು ಹೇಳ್ಬೇಡ" ಎಂದು ಗದರುತ್ತಿದ್ದರು. ಆಕೆಗೆ ಪ್ರತಿದಿನವೂ ಅದು ಮೊದಲನೆಯ ದಿನದಷ್ಟೇ ಕಷ್ಟವಾಗುತ್ತಿತ್ತು.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಗೇಟಿನ ಬಳಿ ಗಡ್ಡದ ಯುವಕನೊಬ್ಬ ಬೈಕ್ ನಿಲ್ಲಿಸಿದ.

"ಸುದರ್ಶನ್ ಸರ್ ಮನೆ ಇದೇನಾ ಆಂಟಿ? ನಾನು ಆಸಿಮ್. ಪಾರ್ಕ್ ಎದುರಿಗೆ ಅಂತ ಸರ್ ಯಾವತ್ತೋ ಹೇಳಿದ್ರು. ಕೇಳ್ಕೊಂಡು ಕೇಳ್ಕೊಂಡು ಬಂದೆ." ಕೂತವನೇ ಉತ್ಸಾಹದಿಂದ ಹೇಳತೊಡಗಿದ. "ಸರ್ ಅಕೌಂಟ್ ಯಾರೋ ಕದ್ದಿದ್ರು ಆಂಟಿ. ಸರ್ ಆಟ ನಂಗೊತ್ತಿಲ್ವಾ? ಯೋಚ್ನೆ ಮಾಡ್ದೆ ಕೈ ಇಡಲ್ಲ ಅವ್ರು. ಇದ್ಯಾರೋ ಟಕಟಕ ಅಂತ ಆಡ್ತಿದ್ರು, ಮೆಸೇಜಿಗೆ ಉತ್ತರ ಇಲ್ಲ. ನಾನೇ ಕಂಪನಿಗೆ ಕಂಪ್ಲೇಂಟ್ ಕೊಟ್ಟು ನಿಲ್ಲಿಸ್ಬಿಟ್ಟೆ. ಈಗ ಸರ್ ಒಂದು ಮಾತು ಬರೆದ್ರೆ ವಾಪಸ್ ಕೊಡ್ತಾರೆ."

ಶಾಂತಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, "ಕದ್ದಿದ್ದು ನಾನೇ ಕಣಪ್ಪ" ಎಂದು, ಗಂಡನಿಗೆ ಕೊಟ್ಟ ಮಾತನ್ನು ಅಂದು ಮುರಿದರು.

ಆಸಿಮ್ ಕೇಳಿಸಿಕೊಂಡು ತಲೆ ತಗ್ಗಿಸಿದ. "ಯಾ ಅಲ್ಲಾ," ಎಂದನಷ್ಟೆ. ಒಳಗಿನಿಂದ ಬಂದ ಸುದರ್ಶನ್ ಅವನನ್ನು ಅಪರಿಚಿತನನ್ನು ನೋಡುವಂತೆ ನೋಡಿ ನಮಸ್ಕಾರ ಮಾಡಿದರು.

"ನಾನು ಮೋಸ ಮಾಡಿದೀನಂತೆ, ನಿಮಗೂ ಗೊತ್ತಾ?"

"ಇಲ್ಲ ಸರ್," ಎಂದು ಆಸಿಮ್ ಅವರ ಎರಡೂ ಕೈ ಹಿಡಿದುಕೊಂಡ. "ನೀವು ಯಾರಿಗೂ ಮೋಸ ಮಾಡಿಲ್ಲ. ನಾನು ತಪ್ಪು ತಿಳ್ಕೊಂಡೆ."

ಅವನು ಆಟದ ಕಂಪನಿಗೆ ಮತ್ತೆ ಮತ್ತೆ ಬರೆದ. ಇಂಚರಾ ಡಾಕ್ಟರ ಚೀಟಿಯನ್ನೂ ಕಳಿಸಿದಳು. ಟೂಲ್ ಬಳಸಿದ್ದು ನಿಜವೆಂದ ಮೇಲೆ ನಿಯಮ ಬದಲಾಗದು ಎಂದು ಉತ್ತರ ಬಂತು. ಹೊಸ ಅಕೌಂಟ್ ತೆರೆದುಕೊಟ್ಟರೆ ಸುದರ್ಶನ್ ಮುಟ್ಟಲಿಲ್ಲ. "ಇದು ಬೇರೆಯವ್ರದ್ದು. ನಮ್ಮದಲ್ಲದ್ದನ್ನ ಮುಟ್ಬಾರ್ದು" ಎಂದು ಪಕ್ಕಕ್ಕೆ ಸರಿಸಿದರು. ಆಸಿಮ್ ಮಾತ್ರ ಬರುವುದನ್ನು ಬಿಡಲಿಲ್ಲ. ಪ್ರತಿ ಶುಕ್ರವಾರ ಬಂದು ಅವರ ಪ್ರಶ್ನೆಗೆ ಅದೇ ಉತ್ತರ ಹೇಳಿ ಹೋಗುತ್ತಿದ್ದ. ಅದೊಂದು ದಿನ ಶಾಂತಕುಮಾರಿಗೆ ಬಿಡುವು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಸುದರ್ಶನ್ ಏನೂ ಕೇಳಲಿಲ್ಲ. ತಿಂಡಿಯಾಯಿತು, ಸ್ನಾನವಾಯಿತು. ಶಾಂತಕುಮಾರಿಗೆ ತಡೆಯಲಾಗಲಿಲ್ಲ. "ರೀ, ಆ ಗಣಿ ಆಟದಲ್ಲಿ ತಪ್ಪು ನಂದು, ನಿಮ್ಮದಲ್ಲ" ಎಂದು ತಾವಾಗಿಯೇ ಹೇಳಿದರು.

"ಯಾವ ಆಟ?" ಎಂದರು ಸುದರ್ಶನ್.

ಮೋಸದ ಆ ಪ್ರಶ್ನೆ ಒಂದು ದಿನ ನಿಲ್ಲಲಿ ಎಂದು ಆಕೆ ಬೇಡಿಕೊಳ್ಳದ ದೇವರಿರಲಿಲ್ಲ. ನಿಂತಾಗ ಆಕೆ ಅಡುಗೆಮನೆಗೆ ಹೋಗಿ, ಕೊಳಾಯಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತರು.

ಆ ಶುಕ್ರವಾರ ಆಸಿಮ್ ಬಂದಾಗ ಗೇಟಿನಲ್ಲೇ ಹೇಳಿದರು: "ಕೇಳೋದು ನಿಲ್ಸಿದಾರಪ್ಪ. ಇನ್ನು ನೀನು ಬರ್ಲೇಬೇಕು ಅಂತೇನಿಲ್ಲ."

ಆಸಿಮ್ ಗೇಟು ತೆರೆದು ಒಳಗೆ ಬಂದ. ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದ ಸುದರ್ಶನ್ ಪಕ್ಕದಲ್ಲಿ ಹೋಗಿ ಕೂತ. ಅವರು ಯಾರು ಏನು ಎಂದು ಕೇಳದೆ, ಅವನಿಗೆ ಜಾಗವಾಗಲೆಂದು ಕೊಂಚ ಸರಿದು ಕೂತರು.