ಲಾಡ್ಲೇಸಾಬನ ಕೈಗೆ ಸಿಗದ ನಡುಕ

ಯಾದಗಿರಿಯಿಂದ ಶಹಾಪುರದ ಕಡೆ ಹೊರಟರೆ, ಭೀಮಾ ನದಿಯ ಸೇತುವೆಗಿಂತ ಮೊದಲು ಎಡಕ್ಕೊಂದು ತಗಡಿನ ಶೆಡ್ಡು. ಲಾಡ್ಲೇಸಾಬನ ಗ್ಯಾರೇಜು ಅಂದರೆ ಅದೇ. ಸುರಪುರದ ಲಾರಿ ಮಿಸ್ತ್ರಿಯೊಬ್ಬರ ಕೈಕೆಳಗೆ ಕಲಿತು ಬಂದವನು, ಈಗ ಅವನ ಗಡ್ಡವೆಲ್ಲ ಬೆಳ್ಳಗಾಗಿತ್ತು. ಗಾಡಿ ತಂದವರು ಏನೇ ಹೇಳಲಿ, ಅವನು ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಕೀಲಿ ಇಸಕೊಂಡು ಸೇತುವೆ ದಾಟಿ ಹೋಗಿ, ಖಾಲಿ ರಸ್ತೆಯಲ್ಲಿ ಜೋರು ಓಡಿಸಿ, ಬ್ರೇಕು ಒತ್ತಿ ನೋಡಿ ಬರುತ್ತಿದ್ದ.

"ಬ್ರೇಕ್ ಹಿಡದಾಗ ಸ್ಟೇರಿಂಗ್ ನಡಗಿದ್ರ ಮುಂದಿನ ಗಾಲ್ಯಾಗ ಬ್ಯಾನಿ ಅದ. ಕುಂತ ಸೀಟು ನಡಗಿದ್ರ ಹಿಂದಿನದ್ರಾಗ," ಎನ್ನುತ್ತಿದ್ದ. ಅವನ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

ಪಂಚಶೀಲಾ ತನ್ನ ಗಾಡಿ ತಂದದ್ದು ಹತ್ತಿ ಬಿಡಿಸುವ ದಿನಗಳಲ್ಲಿ. ಆಕೆ ಯಾದಗಿರಿಯ ಹೆಣ್ಣುಮಕ್ಕಳನ್ನು ದಿನಾ ಸೈದಾಪುರದ ಆಚೆ ಕಡೇಚೂರಿನ ಫ್ಯಾಕ್ಟರಿಗೆ ಬಿಟ್ಟು, ಸಂಜೆ ಕರೆತರುವವಳು. ಗಾಡಿ ಆಕೆಯದೇ, ಓಡಿಸುವವಳೂ ಆಕೆಯೇ.

"ಚಾಚಾ, ನಿಧಾನ ಹೋದ್ರ ಏನೂ ಇಲ್ರಿ. ಎಂಬತ್ತು ದಾಟಿದ ಮ್ಯಾಲ ಬ್ರೇಕ್ ಹಿಡದ್ರ ಇಡೀ ಗಾಡಿ ಥರಥರ ಅಂತದ."

ಲಾಡ್ಲೇಸಾಬ ಹೋಗಿ ನೋಡಿ ಬಂದ. ಸೀಟು ನಡುಗಿತ್ತು. ಸ್ಟೇರಿಂಗು ಕೈಯಲ್ಲಿ ಸುಮ್ಮನೆ ಕುಳಿತಿತ್ತು. ಹಿಂದಿನ ಗಾಲಿಗಳ ಬ್ರೇಕ್ ಡ್ರಮ್ಮು ಎಂದು ಹೇಳಿ, ಎರಡನ್ನೂ ಬಿಚ್ಚಿ ಲೇತ್ ಮಷೀನಿಗೆ ಕಳಿಸಿ ಸಾಫು ಮಾಡಿಸಿ ಕೂಡಿಸಿದ. ಮತ್ತೆ ಓಡಿಸಿ ನೋಡಲು ಹೋದಾಗ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು, ಜೋರು ಬಿಡಲು ಆಗಲಿಲ್ಲ. ಸರಿಯಾಗಿದೆ ಎಂದು ಗಾಡಿ ಕೊಟ್ಟು ಕಳಿಸಿದ.

ವಾರದೊಳಗೆ ಪಂಚಶೀಲಾ ತಿರುಗಿ ಬಂದಳು. ಸೈದಾಪುರದ ಹತ್ತಿರ ಎಮ್ಮೆಯೊಂದು ಅಡ್ಡ ಬಂದು, ಬ್ರೇಕ್ ಹಾಕಿದಾಗ ಗಾಡಿ ಕೈಗೆ ಸಿಗದಂತೆ ಕುಣಿದಿತ್ತು. ಎಮ್ಮೆಯೂ ಉಳಿಯಿತು, ಹೆಣ್ಣುಮಕ್ಕಳೂ ಉಳಿದರು. ಆದರೆ ಆಕೆಯ ಮುಖದಲ್ಲಿ ಹೆದರಿಕೆ ಇನ್ನೂ ಇತ್ತು.

"ನಡುಕ ಹಾಂಗೇ ಅದ ಚಾಚಾ. ಸ್ಟೇರಿಂಗ್ ಹಿಡಿಯಾಕ ಆಗವಲ್ದು."

"ಸ್ಟೇರಿಂಗ್ ಏನೂ ಆಗಿಲ್ಲವ್ವಾ. ನಡಿ, ನೀನೂ ಬಾ, ತೋರಸ್ತೇನಿ."

ಸೇತುವೆ ದಾಟಿ ಲಾಡ್ಲೇಸಾಬ ಗಾಡಿ ಜೋರು ಬಿಟ್ಟು ಬ್ರೇಕು ಒತ್ತಿದ.

"ನೋಡು, ಕೈಗೇನೂ ಬರಾಕತ್ತಿಲ್ಲ."

ಪಂಚಶೀಲಾ ಪಕ್ಕದ ಸೀಟಿನಿಂದ ನೋಡುತ್ತಿದ್ದಳು. ಮೆಲ್ಲಗೆ ಹೇಳಿದಳು: "ಚಾಚಾ, ನಿಮ್ಮ ಕೈಬೆರಳು ನೋಡ್ರಿ."

ಅವನು ನೋಡಿದ. ಸ್ಟೇರಿಂಗು ಅತ್ತಿತ್ತ ಅದುರುತ್ತಿತ್ತು, ಅದರ ಮೇಲಿನ ಅವನ ಹತ್ತೂ ಬೆರಳು ಅದರ ಜೊತೆ ಕುಣಿಯುತ್ತಿದ್ದವು. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಬೇರೆ ಯಾರದೋ ಕೈ ನೋಡಿದಂತಾಯಿತು ಅವನಿಗೆ. ಗಾಡಿ ಬದಿಗೆ ನಿಲ್ಲಿಸಿ ಕೆಳಗಿಳಿದ. ವಾಪಸು ಬರುವಾಗ ಪಂಚಶೀಲಾ ತಾನೇ ಓಡಿಸಿದಳು.

ಮನೆಯಲ್ಲಿ ಹೆಂಡತಿ ಹಜರಾಬೀ ಯಾರದೋ ಜಂಪರ್ ಹೊಲಿಯುತ್ತಿದ್ದಳು. ಗಂಡ ಹೆಂಡತಿ ಮನೆಯೊಳಗೆ ಆಡುವುದು ದಖನಿ ಉರ್ದು; ಇಲ್ಲಿ ಅದನ್ನು ಕನ್ನಡದಲ್ಲೇ ಹೇಳಿದೆ. ಅವನು ನಡೆದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೂ ಆಕೆ ಮಷೀನು ತುಳಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದ," ಎಂದಳು.

"ಏನು ಗೊತ್ತದ?"

"ದಿನಾ ನಸುಕಿನ್ಯಾಗ ಎದ್ದು ಕೈ ಝಾಡಿಸ್ತೀರಿ, ಜೋಮು ಹಿಡದದ ಅಂತೀರಿ. ಮೊನ್ನಿ ಚಾದ ಗಿಂಡಿ ಒಲಿ ಮ್ಯಾಲಿಂದ ಬರಿಗೈಲೆ ಇಳಿಸಿದ್ರಿ. ಬೊಬ್ಬಿ ಎದ್ದಿದ್ದು ನಾ ನೋಡೇನಿ, ನೀವು ನೋಡಿಲ್ಲ."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ಕೇಳತಿದ್ರೇನು?"

ಮರುದಿನ ಆಕೆಯೇ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರಬಾಯಿ ಅವನ ಕೈ ಮಡಿಚಿ, ಬಗ್ಗಿಸಿ, ಬೆರಳಿಗೆ ಹತ್ತಿ ಮುಟ್ಟಿಸಿ ನೋಡಿದರು. ಜೀವಮಾನವೆಲ್ಲ ನಟ್ಟು ಬಿಗಿಯುವ ಪಾನಾ ತಿರುವಿ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸದ್ಯ ಪಟ್ಟಿ ಕಟ್ಟಿಕೊಳ್ಳಿ, ಆಮೇಲೆ ಕಲಬುರ್ಗಿಯಲ್ಲಿ ಸಣ್ಣ ಆಪರೇಷನ್ ಆಗಬೇಕು ಎಂದರು.

ಎರಡೂ ಕೈಗೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜಿಗೆ ಬಂದವನ ಹಿಂದೆಯೇ ಹಜರಾಬೀ ಬಂದಳು. ಗಿರಾಕಿಯ ಗಾಡಿಯಲ್ಲಿ ಆಕೆ ಎಂದೂ ಕುಳಿತವಳಲ್ಲ; ಅಂದು ಗಂಡನ ಬೆರಳಿನ ಬದಲು ತನ್ನ ಬೆರಳು ಇರಲೆಂದು ಹತ್ತಿದಳು. ಗಾಡಿಗಾಗಿ ಬಂದಿದ್ದ ಪಂಚಶೀಲಾ ಓಡಿಸಿದಳು, ಹಜರಾಬೀ ಪಕ್ಕದಲ್ಲಿ, ಲಾಡ್ಲೇಸಾಬ ಹಿಂದೆ. ಬ್ರೇಕು ಹಿಡಿಯುವಾಗ ಹಜರಾಬೀ ಕೈ ಚಾಚಿ ಸ್ಟೇರಿಂಗಿನ ಅಂಚಿಗೆ ಬೆರಳು ಮುಟ್ಟಿಸಿದಳು.

"ಹ್ಯಾಂಗದ?" ಹಿಂದಿನಿಂದ ಅವನು ಕೇಳಿದ.

"ಹೊಲಿಗಿ ಮಷೀನ್ ಜೋರು ತುಳದಂಗ. ಗಾಡಿ ನಿಧಾನ ಆದಂಗ ಅದೂ ನಿಧಾನ ಆತು."

"ಗಾಲಿ ತಿರುಗಿದಂಗ ಬರಾಕತ್ತದ ಅಂದ್ರ ಮುಂದಿನ ಬ್ರೇಕಿನ ಡಿಸ್ಕೇ," ಎಂದ ಅವನು.

ಶೆಡ್ಡಿಗೆ ಬಂದು ಜಾಕ್ ಹಾಕಿ ಮುಂದಿನ ಗಾಲಿ ಬಿಚ್ಚಿದರು. ಒಂದು ತಂತಿಯನ್ನು ಡಿಸ್ಕಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲುವಂತೆ ಬಿಗಿದು, ಲಾಡ್ಲೇಸಾಬ ಡಿಸ್ಕು ತಿರುಗಿಸಿದ. ಒಂದು ಕಡೆ ಸಂದು ಅಗಲವಾಗುತ್ತಿತ್ತು, ಇನ್ನೊಂದು ಕಡೆ ತಂತಿಗೇ ಹತ್ತುತ್ತಿತ್ತು. ಮಳೆಗಾಲಕ್ಕೆ ಮುಂಚೆ ಬೇರೆ ಊರಲ್ಲಿ ಹೊಸ ಡಿಸ್ಕು ಹಾಕಿಸಿದ್ದೆ ಎಂದಳು ಪಂಚಶೀಲಾ. ಡಿಸ್ಕು ಬಿಚ್ಚಿದಾಗ ಅದು ಕೂಡುವ ಹಬ್ಬಿನ, ಅಂದರೆ ಗಾಲಿಯ ನಡುಗುಂಬದ, ಮೇಲೆ ಹಳೆ ತುಕ್ಕು ಹಕ್ಕಳೆಗಟ್ಟಿತ್ತು. ಅದನ್ನು ಉಜ್ಜದೆ ಹೊಸ ಡಿಸ್ಕು ಕೂಡಿಸಿದ್ದರು. ಒಂದಿಷ್ಟೇ ಓರೆಯಾಗಿ ಕುಳಿತ ಡಿಸ್ಕು ದಿನದಿನಕ್ಕೆ ಒಂದೇ ಕಡೆ ಸವೆದಿತ್ತು.

ಅವನು ತಂತಿ ಬ್ರಷ್ಷಿನಿಂದ ಉಜ್ಜಿದ. ಸಾಫಾಯಿತೋ ಇಲ್ಲವೋ ಬೆರಳಿಗೆ ತಿಳಿಯದು. ಹಜರಾಬೀ ಕುಕ್ಕರುಗಾಲಲ್ಲಿ ಕುಳಿತು ಹಬ್ಬಿನ ಸುತ್ತ ಬೆರಳಾಡಿಸಿದಳು.

"ಇಲ್ಲಿ ಇನ್ನಾ ಒಂದು ಗಂಟು ಅದ ನೋಡ್ರಿ."

ಆಕೆ ಸಾಕೆನ್ನುವವರೆಗೆ ಉಜ್ಜಿದ. ಡಿಸ್ಕನ್ನು ಲೇತಿನಲ್ಲಿ ಸಮ ಮಾಡಿಸಿ ತಂದು, ನಟ್ಟುಗಳನ್ನು ಎದುರುಬದುರು ಒಂದೊಂದಾಗಿ ಬಿಗಿಸಿದ. ಆ ಸಂಜೆ ಪಂಚಶೀಲಾ ಸೇತುವೆ ಆಚೆ ಬ್ರೇಕು ಹಿಡಿದಾಗ ಗಾಡಿ ನೀರು ಇಂಗಿದಂತೆ ನಿಂತಿತು.

"ಮೊದಲ ಸಲ ನಾ ಹೇಳಿದ್ದು ತಪ್ಪಾತವ್ವಾ," ಎಂದ ಲಾಡ್ಲೇಸಾಬ. "ನನ್ನ ಕೈ ಕೆಟ್ಟಿತ್ತು, ನಿನ್ನ ಡ್ರಮ್ ಅಲ್ಲ."

"ಡ್ರಮ್ಮೂ ಸಾಫ್ ಆತಲ್ರಿ, ಇರಲಿ ಬಿಡ್ರಿ," ಎಂದು ಆಕೆ ನಕ್ಕಳು.

ಬೇಸಿಗೆಯಲ್ಲಿ ಕಲಬುರ್ಗಿಯಲ್ಲಿ ಒಂದೊಂದಾಗಿ ಎರಡೂ ಕೈಗೆ ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ಒಂದು ದಿನ ನಮಾಜಿಗೆ ಮುಂಚೆ ವಜೂ ಮಾಡುವಾಗ ಬೆರಳಿಗೆ ನೀರಿನ ತಂಪು ಹತ್ತಿತು. ಅವನು ನಲ್ಲಿ ಬಂದ್ ಮಾಡಲು ಮರೆತು ಹಾಗೇ ನಿಂತ. ನಿಧಾನಕ್ಕೆ ಬಿಸಿ, ಉರುಟು, ಅದುರು ಎಲ್ಲ ತಿರುಗಿ ಬಂದವು.

ಆದರೂ ಇವತ್ತಿಗೂ ಗಾಡಿ ಪರೀಕ್ಷೆಗೆ ಹೊರಟರೆ ಹಜರಾಬೀಯನ್ನು ಕೂಗುತ್ತಾನೆ. ಬ್ರೇಕು ಹಿಡಿದು, "ನಿನಗೇನು ಅನಸ್ತದ?" ಎಂದು ಕೇಳುತ್ತಾನೆ. ಅವನ ಕೈ ಸರಿಯಾಗಿದೆ ಎಂದು ಆಕೆಗೆ ಗೊತ್ತು. ಬೇಕೆಂದೇ ವಿಚಾರ ಮಾಡಿದಂತೆ ಮಾಡಿ, "ಇನ್ನೊಂದು ಸಲ ನೋಡೂಣು, ಸ್ವಲ್ಪ ಮುಂದ ಹೋಗ್ರಿ," ಎನ್ನುತ್ತಾಳೆ. ಹಾಗೆ ಮುಂದೆ ಮುಂದೆ ಹೋಗಿ ಒಮ್ಮೊಮ್ಮೆ ಶಹಾಪುರವೇ ಬಂದುಬಿಡುತ್ತದೆ. ಬಸ್‌ಸ್ಟ್ಯಾಂಡಿನ ಎದುರು ಇಬ್ಬರೂ ಚಾ ಕುಡಿಯುತ್ತಿರುವಾಗ ಗಾಡಿಯ ಮಾಲಕ ಫೋನು ಮಾಡುತ್ತಾನೆ. ಹಜರಾಬೀಯೇ ಎತ್ತಿ, "ನೋಡಾಕತ್ತೇವ್ರಿ, ಇನ್ನಾ ನೋಡಾಕತ್ತೇವಿ," ಎಂದು ಹೇಳಿ ಇಡುತ್ತಾಳೆ.