ಭಂಡಾರ ಬಳಿದ ಫಲಕ

ಆ ಅಮಾವಾಸ್ಯೆಯ ಸಿಟ್ಟು ನನಗಿನ್ನೂ ಇಳಿದಿಲ್ಲ. ಆಗ ನಾನು ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಪೈಪುಗಳ ವೆಲ್ಡಿಂಗ್ ಗಟ್ಟಿಯಾಗಿದೆಯೇ ಎಂದು ಫಿಲ್ಮ್ ತೆಗೆದು ನೋಡುವ ಕೆಲಸದಲ್ಲಿದ್ದೆ. ಎಕ್ಸ್‌ರೇ ಇದ್ದ ಹಾಗೆ. ಕಿರಣ ಮಾತ್ರ ದಪ್ಪ ಪೆಟ್ಟಿಗೆಯೊಳಗಿನ ವಿಕಿರಣ ಸೂಸುವ ಒಂದು ಲೋಹದ ತುಣುಕಿನಿಂದ ಬರುತ್ತದೆ. ಅದನ್ನು ಸಾಗಿಸುವ ಗಾಡಿಯ ಎರಡೂ ಬದಿಗೆ ಮತ್ತು ಹಿಂದೆ ವಿಕಿರಣದ ಮೂರು ದಳದ ಗುರುತು, ಇಂಗ್ಲಿಷಿನ ಎಚ್ಚರಿಕೆ ಇರುವ ಫಲಕ ಎದ್ದು ಕಾಣಬೇಕು. ಬೇರೆ ಯಾರನ್ನೂ ಹತ್ತಿಸಬಾರದು. ತರಬೇತಿ ಪಡೆದವನೊಬ್ಬ ಜೊತೆಗಿರಬೇಕು. ಆ ಒಬ್ಬ ನಾನೇ. ಅವತ್ತು ಪಿಕಪ್ಪಿನಲ್ಲಿ ಸೆಕೆಯೆಂದು, ಪೆಟ್ಟಿಗೆಯನ್ನು ಡ್ರೈವರನಿಗೆ ಬಿಟ್ಟು, ಜಮಖಂಡಿಯಿಂದ ಬೈಕ್ ಹತ್ತಿ ಮುಂದೆ ಹೋಗಿದ್ದೆ.

ಮುಧೋಳ ತಾಲ್ಲೂಕಿನ ಕಾರ್ಖಾನೆಯ ಗೇಟಿನಲ್ಲಿ ಗಾಡಿ ಬಂದು ನಿಂತಾಗ ಮೈಯೆಲ್ಲ ಉರಿಯಿತು. ಡ್ರೈವರ್ ಬೀರೇಶ್ವರನ ಭಕ್ತ. ಅಮಾವಾಸ್ಯೆಯೆಂದು ಗಾಡಿ ತೊಳೆದು, ಮೂರೂ ಫಲಕಗಳಿಗೆ ಗುರುತು ಕಾಣದಷ್ಟು ದೇವರ ಅರಿಶಿನದ ಭಂಡಾರ ಬಳಿದು, ಮೇಲೆ ಹೂವಿನ ಹಾರ ಇಳಿಬಿಟ್ಟಿದ್ದ. ಪೆಟ್ಟಿಗೆಯೂ ಅರಿಶಿನವಾಗಿತ್ತು. ಅದಕ್ಕೆ ಒರಗಿ ಒಬ್ಬ ತುಂಬು ಬಸುರಿ ಕೂತಿದ್ದಳು.

"ಯಾರನ್ನ ಕೇಳಿ ಹತ್ತಿಸ್ಕೊಂಡಿಲೇ?" ಎಂದು ಗೇಟಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ.

ಆಕೆಯೇ ಉತ್ತರಿಸಿದಳು: "ನಾನ ಕೈ ಮಾಡಿದ್ನಿರಿ. ದವಾಖಾನಿಗೆ ಹೊಂಟಿದ್ದೆ. ಭಂಡಾರ ನೋಡಿ ದೇವರ ಪೆಟ್ಟಿಗಿ ಅಂತ ತಿಳಕೊಂಡ್ನಿ. ಕೂಸಿಗೆ ಛಲೋ ಆಗಲಿ ಅಂತ ಹೊಟ್ಟಿ ತಾಗಿಸಿ ಕೂತಿದ್ದೆ."

ವಿಕಿರಣ ಅಳೆಯುವ ಮೀಟರ್ ಹಿಡಿದು ನೋಡಿದೆ. ಬೀಗ ಭದ್ರವಾಗಿತ್ತು, ಕಿರಣ ಮಿತಿ ಮೀರಿ ಹೊರಗೆ ಚೆಲ್ಲಿರಲಿಲ್ಲ. ಆದರೂ ಅಷ್ಟು ಒತ್ತಿ ಕೂತವಳಿಗೆ ಸ್ವಲ್ಪವಾದರೂ ತಾಗಿರುತ್ತದೆ, ಹೊಟ್ಟೆಯಲ್ಲಿದ್ದ ಕೂಸಿಗೆ ಆ ಸ್ವಲ್ಪವೂ ತಾಗಬಾರದಿತ್ತು. ನಾನು ಮತ್ತೆ ಡ್ರೈವರನ ಮೇಲೆ ಹರಿಹಾಯ್ದೆ.

ಅವನು ತಲೆ ತಗ್ಗಿಸಲಿಲ್ಲ. "ಆ ತಗಡಿನ ಮ್ಯಾಲ ಏನ್ ಬರದೈತ್ರಿ ಅಂತ ನಾ ಎರಡ ಸಲ ಕೇಳಿದ್ನಿ. ‘ನಿನಗ್ಯಾಕ ಬೇಕು, ಗಾಡಿ ಹೊಡಿ’ ಅಂದ್ರಿ. ಗಾಡಿಗೆ ಹಚ್ಚಿದ್ದು ಅಂದಮ್ಯಾಲ ಅದಕ್ಕೂ ಪೂಜಿ ಮಾಡೇನಿ."

ಖರೆ, ಹಾಗೇ ಅಂದಿದ್ದೆ. ಇಂಗ್ಲಿಷಿನ ಫಲಕ ಹಚ್ಚಿ ಕೈತೊಳೆದುಕೊಂಡವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಓದಬಲ್ಲವನಾಗಿದ್ದೂ ಹೇಳದೆ ಹೋದ ನನ್ನ ಮೇಲೆ ಅದಕ್ಕಿಂತ ಹೆಚ್ಚು.

"ಕೂಸಿಗೆ ಏನೂ ಆಗಂಗಿಲ್ಲಲ್ರಿ?" ಎಂದಳು ಆಕೆ. ಪೆಟ್ಟಿಗೆ ಇಳಿಸಿ, ಕಾರ್ಖಾನೆಯ ಕೋಣೆಯೊಳಗಿಟ್ಟು ಬೀಗ ಹಾಕಿ, ಆಕೆಯನ್ನು ದವಾಖಾನೆಗೆ ನಾನೇ ಕರೆದೊಯ್ದೆ. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಪೆಟ್ಟಿಗೆಯ ಜೊತೆ ಯಾರೂ ಇರಲಿಲ್ಲವೇ ಎಂದರು.

ಆಕೆ ನನ್ನನ್ನೇ ನೋಡುತ್ತಿದ್ದಳು. ನಾನಿರಬೇಕಿತ್ತು ಎಂದೆ.