ಭಾಷಣದ ನಡುವೆ ಎದ್ದವಳು

ಕುಪ್ಪೇಲೂರಿನ ನನ್ನ ಹತ್ತಿ ಹೊಲದಲ್ಲಿ ಬೀಜಕ್ಕಾಗಿ ಹೂವು ಕೂಡಿಸುವ ಹೆಂಗಸರಿಗೆ ಒಬ್ಬಳು ಮುಂದಾಳು ಇದ್ದಳು. ಸಂಜೆ ಮೊಗ್ಗು ಸುಲಿದಿಡಬೇಕು, ಮರುದಿನ ಮುಂಜಾನೆ ಅದಕ್ಕೆ ಗಂಡು ಹೂವು ಮುಟ್ಟಿಸಬೇಕು. ಹೊತ್ತು ಮೀರಿದರೆ ಬೀಜವಿಲ್ಲ. ಯಾರಾದರೂ ತಮ್ಮ ಸೊಸೆಯ ಸುದ್ದಿ ತೆಗೆದರೆ ಅವಳು ಮೊಣಕೈಯಿಂದ ತಿವಿದು, "ಕೈಯಾಗಿನ ಹೂವು ನೋಡ, ಊರು ಆಮ್ಯಾಲ" ಅನ್ನುತ್ತಿದ್ದಳು. ಹೊಲದೊಡತಿಯಾದ ನನಗೂ ತಿವಿದಿದ್ದಾಳೆ.

ಒಂದು ಮುಂಜಾನೆ ರಾಣೆಬೆನ್ನೂರಿನಿಂದ ಬೂಟಿನ ಸಾಹೇಬನೊಬ್ಬ ಬಂದು, ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ, ಸಾರ್ಥಕ ಬದುಕಿಗೆ ಏಳು ಸೂತ್ರ ಹೇಳತೊಡಗಿದ. ಮೂರನೆಯದು ಮುಗಿಯುವಷ್ಟರಲ್ಲಿ ಬಿಸಿಲೇರಿತು. ಸುಲಿದ ಹೂವುಗಳು ಹೊಲದಲ್ಲಿ ಕಾಯುತ್ತಿದ್ದವು. ನಾನು ಮರ್ಯಾದೆಗೆ ಅಂಜಿ, ಮೂರ್ಖಳಂತೆ ತಲೆಯಾಡಿಸುತ್ತ ಕುಳಿತಿದ್ದೆ.

ಅವಳು ಎದ್ದು ಸೀರೆ ಕೊಡವಿದಳು.

"ಎಲ್ಲಿ ಹೊಂಟೀರಿ ಯವ್ವಾ? ನಿಮ್ಮ ಜೀವನದ ಗುರಿ ಏನಂತ ಹೇಳಲೇ ಇಲ್ಲಲ್ರಿ" ಅಂದ ಸಾಹೇಬ.

"ಮಧ್ಯಾಹ್ನದೊಳಗ ಎಂಟು ಸಾಲು ಮುಗಸೂದ್ರಿ. ನೀವು ಬೇಕಾದ್ರ ಹೇಳ್ಕೋಂತ ಹಿಂದ ಬರ್ರಿ. ಬೂಟಗಾಲಿಲೆ ಗಿಡಾ ಮುರೀಬ್ಯಾಡ್ರಿ ಮತ್ತ."

ನಾವೆಲ್ಲ ಎದ್ದು ಅವಳ ಹಿಂದೆ ನಡೆದೆವು. ಆ ದಿನ ಒಂದು ಹೂವೂ ಕೆಡಲಿಲ್ಲ. ಉಳಿದ ನಾಲ್ಕು ಸೂತ್ರ ಯಾವುವೋ, ಆ ಬೇವಿನ ಮರವನ್ನೇ ಕೇಳಬೇಕು.